ದೊಡ್ಡಮ್ಮನ ನಾಲ್ಕು ನಿಮಿಷ

ನಗು ಬಂದರೆ ಅವರ ಭುಜಗಳು ಮೊದಲು ಕುಣಿಯುತ್ತಿದ್ದವು, ಆಮೇಲೆ ಹೊಟ್ಟೆ; ಸದ್ದು ಹೊರಡುತ್ತಿದ್ದದ್ದು ಕಟ್ಟಕಡೆಗೆ. ಅಷ್ಟರಲ್ಲಿ ಎದುರಿಗಿದ್ದವರು ಯಾಕೆಂದು ತಿಳಿಯದೆಯೇ ನಗಲು ಶುರು ಮಾಡಿರುತ್ತಿದ್ದರು. ಈ ಪರದೇಶದಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆಯಲ್ಲಿ ಮಗಳ ಜೊತೆ ಇದ್ದರು. ಉಡುಪಿಯವರು, ಅಲ್ಲಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ನಾನು ಮೈಸೂರಿನವಳು, ಅವರಿಗೆ ಯಾವ ಕಡೆಯಿಂದಲೂ ನೆಂಟಳಲ್ಲ. ಆದರೂ ಪರಿಚಯವಾದ ವಾರದಲ್ಲೇ, "ಆಂಟಿ ಅಂತ ಕರೀಬೇಡ ಮಾರಾಯ್ತಿ. ದೊಡ್ಡಮ್ಮ ಅನ್ನು, ನಂಗೆ ಬೈಲಿಕ್ಕೆ ಸುಲಭ ಆಗ್ತದೆ" ಎಂದು ಅಪ್ಪಣೆ ಕೊಡಿಸಿದರು.

ಬೈಯಲು ನಾನು ಕಾರಣಗಳಿಗೆ ಕೊರತೆ ಮಾಡಲಿಲ್ಲ. ಪ್ಯಾಕೆಟ್ಟಿನ ದೋಸೆ ಹಿಟ್ಟು ತರುತ್ತಿದ್ದೆ. ನಮ್ಮ ಪಾರ್ಕಿಂಗ್ ಜಾಗದಲ್ಲಿ ಯಾರೋ ಕಾರು ನಿಲ್ಲಿಸಿದರೆ ನಾನೇ ಹೋಗಿ ಸಾರಿ ಕೇಳಿ ಬರುತ್ತಿದ್ದೆ. "ಬಾಯಿದ್ದವ ಬರಗಾಲದಲ್ಲೂ ಬದುಕ್ತಾನೆ. ನಿಂದು ಬರೇ ಉಣ್ಲಿಕ್ಕೆ ಇರುವ ಬಾಯಿ" ಎಂದು ಬೈದು, ಆ ಬಾಯಿಗೇ ಬಿಸಿಬಿಸಿ ಗೋಳಿಬಜೆ ಕೊಡುತ್ತಿದ್ದರು.

ಆ ವರ್ಷ ಊರಿನ ಸರಕಾರಿ ಶಾಲೆಗಳನ್ನು ನಡೆಸುವ ನಮ್ಮ ಸ್ಕೂಲ್ ಡಿಸ್ಟ್ರಿಕ್ಟಿನ ಬಜೆಟ್ಟಿಗೆ ಕತ್ತರಿ ಬಿತ್ತು. ಬಾಡಿಗೆ ಏರಿ ಎಷ್ಟೋ ಸಂಸಾರಗಳು ಊರು ಬಿಟ್ಟಿದ್ದವು, ಶಾಲೆಗಳಲ್ಲಿ ಮಕ್ಕಳೂ ಕಡಿಮೆಯಾಗಿದ್ದರು. ನಮ್ಮ ಬೀದಿಯ ಶಾಲೆಯನ್ನು ಮುಚ್ಚಿ ಮಕ್ಕಳನ್ನು ಫ್ರೀವೇ ಎಂಬ ಹೆದ್ದಾರಿಯ ಆಚೆಯ ಶಾಲೆಗೆ ಸೇರಿಸುತ್ತಾರಂತೆ ಎಂದು ಗೊತ್ತಾಯಿತು. ಅದನ್ನಾದರೂ ಸಹಿಸಬಹುದಿತ್ತು, ಆದರೆ ಬಸ್ಸು ಕೊಡುವುದಿಲ್ಲವಂತೆ. ನನ್ನ ಮಗಳು ಎರಡನೆಯ ತರಗತಿಯಲ್ಲಿದ್ದಳು. ಗಂಡ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೊರಡುವವರು. ಕೆಲಸ ಮಾಡಲು ಬಿಡದ ವೀಸಾದ ದೆಸೆಯಿಂದ ವರ್ಷಗಟ್ಟಲೆ ಮನೆಯಲ್ಲಿ ಕೂತಿದ್ದ ನನಗೆ ಮೌಂಟನ್ ವ್ಯೂನಲ್ಲಿ ಒಂದು ಲ್ಯಾಬಿನ ಕೆಲಸ ಆಗಷ್ಟೇ ಸಿಕ್ಕಿತ್ತು. ಮಗಳನ್ನು ಫ್ರೀವೇ ಆಚೆ ಬಿಟ್ಟು ಬಂದು ಅಲ್ಲಿಗೆ ಹೋಗುವ ಬೆಳಗಿನ ರೈಲು ಹಿಡಿಯುವುದು ಆಗದ ಮಾತು. ಬಸ್ಸು ತಪ್ಪಿದರೆ ಕೆಲಸವೂ ತಪ್ಪಿದಂತೆಯೇ.

ಇದನ್ನೆಲ್ಲ ತೀರ್ಮಾನಿಸುವ ಸ್ಕೂಲ್ ಬೋರ್ಡಿನ ಮೀಟಿಂಗಿನಲ್ಲಿ ಯಾರು ಬೇಕಾದರೂ ಎದ್ದು ಎರಡು ನಿಮಿಷ ಮಾತಾಡಬಹುದು. ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಎರಡು ಮೀಟಿಂಗಿಗೆ ಹೋದೆ. ಮೈಕು ಕಂಡ ಕೂಡಲೇ ಹಿಂದಿನ ಸಾಲಿಗೆ ಸರಿದೆ. ಎರಡು ಸಲವೂ ಬೇರೆಯವರ ಮಾತಿಗೆ ಚಪ್ಪಾಳೆ ತಟ್ಟಿ ವಾಪಸು ಬಂದೆ.

ಮೂರನೆಯ ಮೀಟಿಂಗಿಗೆ ದೊಡ್ಡಮ್ಮನೂ ಹೊರಟರು. ಬಾಗಿಲಲ್ಲಿ ಅಂಟಿಸಿದ್ದ ನಿಯಮಗಳನ್ನು ಪರೀಕ್ಷೆಯ ಪೇಪರು ತಿದ್ದುವವರ ಹಾಗೆ ಪೂರ್ತಿ ಓದಿ ನನ್ನ ಕಡೆ ತಿರುಗಿದರು.

"ದುಭಾಷಿ ಇಟ್ಕೊಂಡು ಮಾತಾಡಿದ್ರೆ ನಾಲ್ಕು ನಿಮಿಷ ಅಂತೆ. ಇವತ್ತು ನಂಗೆ ಇಂಗ್ಲಿಷ್ ಬರುದಿಲ್ಲ. ನೀನೇ ದುಭಾಷಿ."

"ದೊಡ್ಡಮ್ಮ, ದಯವಿಟ್ಟು ಬೇಡ!"

"ನೀನೆಂತ ನಿನ್ನ ಮಾತು ಆಡ್ತೀಯಾ? ನನ್ನ ಮಾತು ಹೇಳ್ಲಿಕ್ಕೆ ಎಂತ ಹೆದರಿಕೆ?"

ಮೈಕಿನ ಮುಂದೆ ಕೈಮುಗಿದು ಕನ್ನಡದಲ್ಲಿ ಶುರು ಮಾಡಿದರು. "ನಾನು ಈ ಊರಿನ ಒಬ್ಬ ಅಜ್ಜಿ. ನಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿಲ್ಲ." ನಾನು ನೆಲ ನೋಡುತ್ತಲೇ ಅದನ್ನು ಇಂಗ್ಲಿಷಿಗೆ ತಂದೆ. "ಆದ್ರೆ ನನ್ನ ಪಕ್ಕ ನಿಂತವಳಿಗೆ ಒಬ್ಬಳು ಮಗಳು ಉಂಟು. ಇವಳು ಎರಡು ಸಲ ಇಲ್ಲಿಗೆ ಬಂದು, ಬಾಯಲ್ಲಿ ಕಡುಬು ತುಂಬಿಕೊಂಡ ಹಾಗೆ ಕೂತು ಹೋಗಿದ್ದಾಳೆ."

ಆ ಮಾತನ್ನು ಇಂಗ್ಲಿಷಿಗೆ ತರದೆ ನಾನು ದೊಡ್ಡಮ್ಮನ ಸೆರಗು ಜಗ್ಗಿದೆ.

"ಅದನ್ನೂ ಹೇಳು" ಎಂದರು.

ಹೇಳಿದೆ. ಕಡುಬು ಎಂದರೇನೆಂದೂ ವಿವರಿಸಿದೆ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು, ನನಗೂ ನಗು ಬಂತು. ನಕ್ಕ ಮೇಲೆ ಮೊದಲ ಸಲ ತಲೆಯೆತ್ತಿ ಸಭೆಯನ್ನು ನೋಡಿದೆ.

"ಕಟ್ಟಡ ಮುಚ್ಚುದಾದ್ರೆ ಮುಚ್ಚಿ, ನಿಮ್ಮ ಕಷ್ಟ ನಂಗೂ ಅರ್ಥ ಆಗ್ತದೆ. ಆದ್ರೆ ಮಕ್ಕಳನ್ನು ಫ್ರೀವೇ ದಾಟಿಸುದು ಯಾರು?" ಇಷ್ಟು ಹೇಳಿ ದೊಡ್ಡಮ್ಮ ಬಾಯಿ ಮುಚ್ಚಿದರು. ಅನುವಾದ ಮುಗಿಸಿ ಅವರ ಮುಖ ನೋಡಿದೆ. ಅವರು ಚಾವಣಿಯ ದೀಪ ನೋಡುತ್ತಿದ್ದರು. ಸಮಯ ಇನ್ನೂ ಬೇಕಾದಷ್ಟಿತ್ತು. ಬೇರೆ ದಾರಿಯಿಲ್ಲದೆ ನಾನು ಮುಂದುವರಿಸಿದೆ. ಫ್ರೀವೇಗೆ ಏರುವ ಕಾರುಗಳು ಮಕ್ಕಳಿಗಾಗಿ ನಿಲ್ಲದ್ದು, ನನ್ನ ರೈಲು, ನನ್ನ ಲ್ಯಾಬು, ರಾತ್ರಿ ಪಾಳಿ ಮುಗಿಸಿ ಬರುವ ಪಕ್ಕದ ಮನೆಯ ತಾಯಿ... ದೊಡ್ಡಮ್ಮ ಹೇಳದೇ ಇದ್ದದ್ದನ್ನೆಲ್ಲ ಅನುವಾದ ಮಾಡಿದೆ.

ಮೀಟಿಂಗು ಮುಗಿದ ಮೇಲೆ ಬೋರ್ಡಿನ ಅಧ್ಯಕ್ಷರು ನಮ್ಮ ಹತ್ತಿರ ಬಂದು, ನಿಮ್ಮ ದೊಡ್ಡಮ್ಮ ಬಹಳ ಚೆನ್ನಾಗಿ ಮಾತಾಡಿದರೆಂದು ಅವರಿಗೆ ತಿಳಿಸಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ, ಧನ್ಯವಾದಗಳು ಸ್ವಾಮಿ, ಮುಕ್ಕಾಲು ಪಾಲು ಇವಳು ಸೇರಿಸಿದ್ದು ಎಂದರು. ಅಧ್ಯಕ್ಷರು ಕಕ್ಕಾಬಿಕ್ಕಿಯಾಗಿ ಒಮ್ಮೆ ಅವರನ್ನೂ ಒಮ್ಮೆ ನನ್ನನ್ನೂ ನೋಡಿದರು. ಅವರಿಗೆ ವಿಷಯ ಹೊಳೆಯುವ ಹೊತ್ತಿಗೆ ದೊಡ್ಡಮ್ಮನ ಹೊಟ್ಟೆ ಕುಣಿಯತೊಡಗಿತ್ತು.

ನಮ್ಮ ಬೀದಿಯ ಶಾಲೆ ಮುಚ್ಚಿತು, ಬಸ್ಸು ಬಂತು. ನಮ್ಮ ಮೂಲೆಯಲ್ಲಿ ಹಳದಿ ಬಸ್ಸು ನಿಂತ ಮೊದಲ ದಿನ ದೊಡ್ಡಮ್ಮ ಡ್ರೈವರಿಗೂ ಗೋಳಿಬಜೆ ಕೊಟ್ಟರು. ನನ್ನ ಕೆಲಸ ಉಳಿಯಿತು.

ಹೋದ ವರ್ಷ ದೊಡ್ಡಮ್ಮ ನಿದ್ದೆಯಲ್ಲೇ ತೀರಿಕೊಂಡರು. ಹೆತ್ತ ತಾಯಿ ಹೋದರೆ ಅಳುವಷ್ಟು ಅತ್ತೆ. ಈಗಲೂ ಮೆಟ್ಟಿಲಿನ ಮೇಲೆ ಯಾರದಾದರೂ ನಗು ಕೇಳಿದರೆ ಬಾಗಿಲು ತೆರೆದು ನೋಡುತ್ತೇನೆ.

ಈ ವಸಂತದಲ್ಲಿ ಬಸ್ಸು ನಿಲ್ಲಿಸುವ ಮಾತು ಮತ್ತೆ ಎದ್ದಿತು. ನನ್ನ ಮಗಳಿಗೆ ಈಗ ಆ ಬಸ್ಸು ಬೇಕಿಲ್ಲ. ನಮ್ಮ ಕಟ್ಟಡಕ್ಕೆ ಹೊಸದಾಗಿ ಬಂದ ಸಂಸಾರಗಳ ಮಕ್ಕಳಿಗೆ ಬೇಕು. ಮೀಟಿಂಗಿಗೆ ಹೋಗಿ ಮೊದಲ ಸಾಲಿನಲ್ಲೇ ಕೂತೆ. ಹೆಸರು ಕೂಗಿದರು, ಎದ್ದು ಮೈಕಿನ ಮುಂದೆ ಹೋದೆ. ನನ್ನ ಹೆಸರು, ಬಣ್ಣ ನೋಡಿಯೋ ಏನೋ, ಅಲ್ಲಿದ್ದ ಹುಡುಗಿ ದುಭಾಷಿ ಬೇಕೇ ಎಂದು ವಿನಯದಿಂದಲೇ ಕೇಳಿದಳು.

"ಬೇಡಮ್ಮ," ಎಂದೆ, "ಇದು ನನ್ನದೇ ಮಾತು."