ವಾದ್ಯಮೇಳದ ಕಿವಿ ಹಿಂಡುವ ರಾಜಶ್ರೀ

ಬೆಳಗಿನ ಐದೂಕಾಲು. ಸಿಂದಗಿ ತಾಲೂಕಿನ ಕನ್ನೊಳ್ಳಿಯಲ್ಲಿ ಅಮೋಘಸಿದ್ಧ ಅವರ ಮನೆಯ ಒಳಕೋಣೆ ಇನ್ನೂ ಕತ್ತಲಲ್ಲಿದೆ. ಮೂರು ಗೋಡೆಗೆ ಒತ್ತಿ ಹೊಸ ಜೋಳದ ಚೀಲಗಳು ಸೂರಿನವರೆಗೆ ನಿಂತಿವೆ. ನಾಲ್ಕನೆಯ ಗೋಡೆಗೆ ಒಂದು ಕಂಪ್ಯೂಟರ್, ಎರಡು ಸ್ಪೀಕರ್, ಒಂದು ಮೈಕು. ಅದರೆದುರು ಮೂವತ್ತೆರಡು ವರ್ಷದ ರಾಜಶ್ರೀ ಬ್ಯಾಟರಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಊರಿಗೆ ಕರೆಂಟು ಬರುವುದು ಐದೂವರೆಗೆ, ಹೋಗುವುದು ಎಂಟಕ್ಕೆ. ನಡುವಿನ ಎರಡೂವರೆ ತಾಸಿನಲ್ಲಿ ಅವರು ನಲವತ್ತು ಪಿಟೀಲು, ಚೆಲ್ಲೊ ಎಂಬ ಹನ್ನೆರಡು ಹಿರಿಪಿಟೀಲು, ಒಂದು ಕೊಳಲು ಎಲ್ಲವನ್ನೂ ರಿಪೇರಿ ಮಾಡಬೇಕು.

ಪಿಟೀಲು ಎಂದರೆ ಕೋಣೆಯಲ್ಲಿ ಹುಡುಕಬೇಡಿ. ಎಲ್ಲವೂ ಕಂಪ್ಯೂಟರಿನೊಳಗಿವೆ. ಎಲ್ಲೋ ಪರದೇಶದಲ್ಲಿ ವಾದ್ಯಗಾರರು ಒಂದೊಂದೇ ಸ್ವರ ನುಡಿಸಿ ಮುದ್ರಿಸಿಟ್ಟಿದ್ದಾರೆ. ಇಲ್ಲಿ ಕೀಬೋರ್ಡಿನ ಒಂದು ಮನೆ ಒತ್ತಿದರೆ ಅಲ್ಲಿಯ ನಲವತ್ತು ಪಿಟೀಲು ಒಟ್ಟಿಗೆ ಏಳುತ್ತವೆ. ಹತ್ತು ಜನ ಕೂತರೆ ಹನ್ನೊಂದನೆಯವರಿಗೆ ಜಾಗವಿಲ್ಲದ ಮನೆಯಲ್ಲಿ ಒಕ್ಕಲುತನದ ಜೊತೆಗೆ ಹಾಡಿನ ಸಿ.ಡಿ. ಮಾಡುವ ಅಮೋಘಸಿದ್ಧ ಅವರಿಗೆ ಇದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಆದರೆ ಹದಿನೈದು ದಿನದಿಂದ ಆ ಭಾಗ್ಯ ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯುತ್ತಿದೆ. ಮೂರು ಸಲ ಸಾಫ್ಟ್‌ವೇರನ್ನು ಅಳಿಸಿ ಮತ್ತೆ ಹಾಕಿದ್ದಾರೆ. ಮೂರು ಸಲವೂ ಸಾಸಿವೆಯೇ.

ಕರೆಂಟು ಬರುತ್ತದೆ. ರಾಜಶ್ರೀ ಮೊದಲು ಮಾಡುವ ಕೆಲಸ ಪರದೆ ನೋಡುವುದಲ್ಲ, ಕಂಪ್ಯೂಟರಿನ ಡಬ್ಬಿಯ ಮೇಲಿದ್ದ ಕೌದಿ ಎತ್ತುವುದು.

“ಇದಕ್ಕೇನ್ ಚಳಿಜ್ವರ ಬಂದೈತೇನ್ರಿ ಅಣ್ಣಾರ? ಕೌದಿ ಹೊಚ್ಚಿ ಮಲಗಿಸೀರಲ್ಲ!”

“ಫ್ಯಾನಿನ ಸಪ್ಪಳ ಮೈಕಿನ್ಯಾಗ ಬರ್ತೈತಿ ಅಂತ ಹೊಚ್ಚೀನವಾ,” ಅಮೋಘಸಿದ್ಧ ತಲೆ ಕೆರೆದುಕೊಳ್ಳುತ್ತಾರೆ. “ರೆಕಾರ್ಡಿಂಗ್ ಮುಗದ ಮ್ಯಾಲ ತಗೀಬೇಕಂದಿದ್ದೆ. ಮರತೆ.”

ಈ ತಪ್ಪು ನಮ್ಮ ಕಡೆಯವರದೇ. ಜೋಳದ ಚೀಲ ಗೋಡೆಯ ಮಾರ್ದನಿಯನ್ನು ನುಂಗುತ್ತದೆ, ಕೌದಿ ಫ್ಯಾನಿನ ಗುರುಗುಟ್ಟನ್ನು ನುಂಗುತ್ತದೆ ಎಂದು ಕಂಡುಕೊಂಡವರು ಇವರು. ಬುದ್ಧಿವಂತಿಕೆಗೆ ಕೊರತೆಯಿಲ್ಲ. ಒಳಗಿನ ಬಿಸಿಗಾಳಿ ಎಲ್ಲಿಗೆ ಹೋಗಬೇಕು ಎಂಬುದಷ್ಟೇ ಯಾರ ತಲೆಗೂ ಹೊಳೆಯುವುದಿಲ್ಲ. ಕಾದ ಯಂತ್ರ ನಿಧಾನವಾಗುತ್ತದೆ, ನಲವತ್ತು ಪಿಟೀಲನ್ನು ಎತ್ತಿ ಕೊಡಲಾಗದೆ ನಡುನಡುವೆ ಸ್ವರ ಕೈಬಿಡುತ್ತದೆ. ರಾಜಶ್ರೀ ಬ್ರಷ್ಷಿನಿಂದ ಫ್ಯಾನಿನ ಧೂಳು ಝಾಡಿಸುತ್ತಾರೆ. ವಾದ್ಯಗಳನ್ನೆಲ್ಲ ಒಮ್ಮೆಲೇ ಕರೆಯದೆ, ಒಂದೊಂದನ್ನಾಗಿ ನುಡಿಸಿ ಮುದ್ರಿಸಿಕೊಳ್ಳುವ ಹಾಗೆ ಏರ್ಪಾಡು ಮಾಡುತ್ತಾರೆ. ಆರೂ ಹತ್ತಕ್ಕೆ ಸಾಸಿವೆ ನಿಲ್ಲುತ್ತದೆ.

ಇಷ್ಟಕ್ಕೇ ಎದ್ದು ಹೋಗಬಹುದಿತ್ತು. ಅವರನ್ನು ಕರೆಸಿದ್ದು ಇದಕ್ಕೇ. ಆದರೆ ಹೊಸ್ತಿಲ ಬಳಿ ಅರವತ್ತೆರಡು ವರ್ಷದ ಚಂದವ್ವ ಕೂತಿದ್ದಾರೆ. ಬಸವನ ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿಯವರು, ಬೀಸುವ ಕಲ್ಲಿನ ಪದ ಹಾಡುವವರು. ಹೋದ ತಿಂಗಳು ಇದೇ ಕೋಣೆಯಲ್ಲಿ ಹಾರ್ಮೋನಿಯಂ ಜೊತೆಗೆ ಒಂಬತ್ತು ಪದ ಹಾಡಿಹೋದರು. ಮೇಲೆ ಪಿಟೀಲು, ಕೊಳಲು ಕೂಡಿಸಿದಾಗ ಯಾವುದೂ ಯಾವುದಕ್ಕೂ ಹೊಂದಲಿಲ್ಲ. ದೊಡ್ಡ ಊರಿನ ರೆಕಾರ್ಡಿಂಗ್ ಎಂಜಿನಿಯರರೊಬ್ಬರಿಗೆ ಕಳಿಸಿ ಕೇಳಿಸಲಾಯಿತು. ಅವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: ಅಜ್ಜಿ ಬೇಸುರ, ಸುರ ತಪ್ಪುತ್ತಾರೆ. ಸಿ.ಡಿ. ತರುವ ಸಿಂದಗಿಯ ವ್ಯಾಪಾರಿ ಬಸಂತರಾಯ ಅವರು, ಪದ ಇವೇ ಇರಲಿ, ಹಾಡಲು ಬೇರೆಯವರು ಬರಲಿ ಎಂದು ಗೊತ್ತು ಮಾಡಿದ್ದಾರೆ. ಆ ಬೇರೆಯವರು ನಾಳೆ ಬರುತ್ತಾರೆ.

ಬೇಸುರ ಎಂಬ ಮಾತು ಕಿವಿಗೆ ಬಿದ್ದಂದಿನಿಂದ ಚಂದವ್ವ ಹಾಡಲು ಬಾಯಿ ತೆರೆದಿಲ್ಲ. ಮೊಮ್ಮಗಳ ಮದುವೆಯಲ್ಲೂ ಸೋಬಾನೆ ಹೇಳದೆ ಮೂಲೆಯಲ್ಲಿ ಕೂತುಬಿಟ್ಟರಂತೆ. ನಿನ್ನೆ ಸಂಜೆಯ ಬಸ್ಸಿಗೆ ಬಂದದ್ದು ತಮ್ಮ ಪದಗಳನ್ನು ವಾಪಸು ಕೇಳುವುದಕ್ಕೆ.

“ಬೀಸುಕಲ್ಲಿನ ಮುಂದ ನಲವತ್ತು ವರ್ಷ ಹಾಡೇನಿ ತಂಗಿ,” ರಾಜಶ್ರೀ ಅವರಿಗೆ ಹೇಳುತ್ತಾರೆ. “ನಮ್ಮತ್ತಿ ಒಂದಿನ ಬ್ಯಾಸುರ ಅನ್ನಲಿಲ್ಲ. ಅಕಿ ಬಿಡು, ಎಲ್ಲಾದಕ್ಕೂ ತಪ್ಪು ತಗಿಯಾಕಿ. ಹಾಡಿಗಿ ಮಾತ್ರ ತಗೀಲಿಲ್ಲ.”

ರಾಜಶ್ರೀ ಚೀಲ ಕಟ್ಟುವುದನ್ನು ನಿಲ್ಲಿಸಿ ಮತ್ತೆ ಕೂರುತ್ತಾರೆ.

ಈ ಹೆಣ್ಣುಮಗಳ ಕಿವಿ ಎಲ್ಲಿ ಪಳಗಿದ್ದು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ದೇವರ ಹಿಪ್ಪರಗಿಯ ಕುರಿಗಾರ ಯಲ್ಲಾಲಿಂಗ ಅವರ ಮಗಳು. ಸಿಂದಗಿಯ ಹಾಸ್ಟೆಲಿನಲ್ಲಿದ್ದು ಓದುವಾಗ ಶಾಲೆಯ ದಾರಿಯಲ್ಲಿ ದಸ್ತಗೀರಸಾಬ ಅವರ ಹಾರ್ಮೋನಿಯಂ ರಿಪೇರಿ ಅಂಗಡಿ. ದಿನವೂ ನಿಂತು ನೋಡುತ್ತಿದ್ದ ಹುಡುಗಿಯನ್ನು ಬಂದವರು ಹೋದವರು ಗದರಿಸಿದರು. ದಸ್ತಗೀರಸಾಬರು ಗದರಿಸಲಿಲ್ಲ, ಕೈಗೆ ಅರ ಕೊಟ್ಟರು. ರೀಡು ಎಂಬ ಹಿತ್ತಾಳೆಯ ನಾಲಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೂದಲೆಳೆಯಷ್ಟು ಹೆಚ್ಚು ಕೆರೆದರೆ ರೀಡು ಹಾಳು. ನಾಲ್ಕು ವರ್ಷ ಆಕೆ ಕೆರೆದರು.

1999ರಲ್ಲಿ ಕಂಪ್ಯೂಟರ್ ಕಲಿತು ಲಗ್ನಪತ್ರಿಕೆ ಟೈಪು ಮಾಡುವ ಅಂಗಡಿಗೆ ಸೇರಿದರು. 2003ರಲ್ಲಿ ಇಂಡಿ ಪಟ್ಟಣದ ಒಬ್ಬರ ಮನೆಯಲ್ಲಿ ಹಾಡಿನ ಕಂಪ್ಯೂಟರ್ ಮೂಕವಾಗಿ ಕೂತಿತ್ತು. ಇಬ್ಬರು ಗಂಡಸರು ಎರಡು ದಿನ ಬಿಚ್ಚಿ ಜೋಡಿಸಿದ್ದರು. ರಾಜಶ್ರೀ ಹೋಗಿ ಮೈಕಿನ ತೂತಿನಲ್ಲಿದ್ದ ಸ್ಪೀಕರಿನ ಪಿನ್ನನ್ನು ಕಿತ್ತು ಪಕ್ಕದ ತೂತಿಗೆ ಹಾಕಿದರು. ಅಂದು ಶುರುವಾದ ತಿರುಗಾಟ ಇಂದಿಗೂ ನಿಂತಿಲ್ಲ. ಸಿಂದಗಿಯಲ್ಲಿ ಒಂಬತ್ತು, ಇಂಡಿಯಲ್ಲಿ ಆರು, ಬಾಗೇವಾಡಿಯಲ್ಲಿ ಐದು, ಮುದ್ದೇಬಿಹಾಳದಲ್ಲಿ ನಾಲ್ಕು, ಒಟ್ಟು ಇಪ್ಪತ್ತನಾಲ್ಕು ಮನೆಗಳ ಹಾಡಿನ ಕಂಪ್ಯೂಟರುಗಳಿಗೆ ಇವರೇ ಡಾಕ್ಟರು. ವಾರಕ್ಕೆ ನಾಲ್ಕೈದು ಊರು, ದಿನಕ್ಕೆ ಹದಿನೈದು ಫೋನು. ಎಲ್ಲ ಬಸ್ಸಿನ ಮೇಲೆ.

ಹೋದಲ್ಲೆಲ್ಲ ಮೊದಲ ಪ್ರಶ್ನೆ ಒಂದೇ. “ಗಂಡಸರು ಯಾರೂ ಬಂದಿಲ್ಲೇನವಾ ಅಂತ ಕೇಳ್ತಾರ್ರಿ,” ರಾಜಶ್ರೀ ನಗುತ್ತಾರೆ. “ಬಂದಾರ, ಚೀಲದಾಗ ಅದಾರ, ತಗೀಲೇನು ಅಂತೇನಿ. ಸ್ಕ್ರೂ ಡ್ರೈವರ್ ತಗದು ತೋರಸ್ತೇನಿ. ಮುಂದ ಚಾ ಬರ್ತೈತಿ, ಕುರ್ಚಿ ಬರ್ತೈತಿ.”

ಮತ್ತೆ ಒಳಕೋಣೆಗೆ. ಗಂಟೆ ಆರೂವರೆ. ಅಮೋಘಸಿದ್ಧರ ಹೆಂಡತಿ ಶೇವಂತೆವ್ವ ತಂದಿಟ್ಟ ಚಹ ಆರುತ್ತಿದೆ, ಯಾರೂ ಮುಟ್ಟುವುದಿಲ್ಲ. ರಾಜಶ್ರೀ ಪಿಟೀಲುಗಳನ್ನೆಲ್ಲ ಬಂದ್ ಮಾಡಿ ಚಂದವ್ವನ ದನಿ ಮತ್ತು ಹಾರ್ಮೋನಿಯಂ ಎರಡನ್ನೇ ಹಾಕುತ್ತಾರೆ. ಎರಡೂ ಒಂದರೊಳಗೊಂದು ಕೂತಿವೆ. ಹಾರ್ಮೋನಿಯಂ ಬಂದ್ ಮಾಡಿ ದನಿ ಮತ್ತು ಪಿಟೀಲು ಹಾಕುತ್ತಾರೆ. ಕಿವಿಯೊಳಗೆ ಗುಂಯ್ ಗುಂಯ್ ಎಂದು ಕಿರಿಕಿರಿ. ಕೊನೆಗೆ ದನಿ ಬಂದ್ ಮಾಡಿ ಹಾರ್ಮೋನಿಯಂ ಮತ್ತು ಪಿಟೀಲು. ಅದೇ ಕಿರಿಕಿರಿ. ಪತ್ರಿಕೆಗೆ ಬರೆಯಲು ಬಂದ, ಸಂಗೀತದಲ್ಲಿ ಶುದ್ಧ ದಡ್ಡನಾದ ನನಗೂ ತಿಳಿಯುತ್ತದೆ.

“ಮೂರ್ನಾಗ ಇಬ್ರು ಒಂದ ಮಾತು ಹೇಳಾಕತ್ತಾರ,” ರಾಜಶ್ರೀ ಎನ್ನುತ್ತಾರೆ. “ಬ್ಯಾರೆ ಹೇಳಾಕತ್ತಾವ ಯಾರ್ರಿ?”

“ಕಂಪ್ಯೂಟರ್,” ಅಮೋಘಸಿದ್ಧ ಅನುಮಾನದಿಂದಲೇ ಹೇಳುತ್ತಾರೆ. “ಆದ್ರ ಅದ್ಹೆಂಗ ತಪ್ಪತೈತವಾ? ಅದು ಪರದೇಶದ್ದು.”

“ಪೆಟಗಿ ತರ್ರಿ.”

ಹಾರ್ಮೋನಿಯಂ ಬರುತ್ತದೆ. ಮುಚ್ಚಳ ಎತ್ತಿ ಒಳಗೆ ಬ್ಯಾಟರಿ ಬಿಡುತ್ತಾರೆ. ಕಟ್ಟಿಗೆಯ ಮೇಲೆ ಚಾಕುವಿನಿಂದ ಕೊರೆದ ಮೂರು ಗೆರೆ. ರಾಜಶ್ರೀ ಆ ಗೆರೆಗಳ ಮೇಲೆ ಬೆರಳಾಡಿಸುತ್ತಾರೆ. “ಇದು ದಸ್ತಗೀರ ಕಾಕಾನ ಕೈ.”

ಗುಟ್ಟು ಇಲ್ಲಿದೆ. ದಸ್ತಗೀರಸಾಬರು ಪ್ರತಿ ಹಾರ್ಮೋನಿಯಮ್ಮನ್ನೂ ತಮ್ಮ ತಂದೆಯ ಕಾಲದ ಒಂದು ಹಳೆಯ ಪೆಟ್ಟಿಗೆಗೆ ಹೊಂದಿಸಿ ಸುರ ಮಾಡುತ್ತಿದ್ದರು. ಆ ಪೆಟ್ಟಿಗೆಯ ಸುರ ಇಂದಿನ ಯಂತ್ರಗಳಿಗಿಂತ ತುಸು ಏರು. ನಾಲ್ಕು ತಾಲೂಕಿನ ಭಜನಾ ಮೇಳಗಳ ಪೆಟ್ಟಿಗೆ ಅವರ ಅಂಗಡಿ ಹೊಕ್ಕು ಬಂದವೇ. ಐವತ್ತು ವರ್ಷ ಈ ಸೀಮೆಯ ಜನ ಆ ಏರಿದ ಸುರದಲ್ಲೇ ಹಾಡಿದ್ದಾರೆ, ಕಿವಿ ಅದಕ್ಕೇ ಕೂತಿದೆ. ಇಷ್ಟು ದಿನ ಗೊತ್ತಾಗದಿರಲು ಕಾರಣವೂ ಸರಳ. ಬೇರೆ ಗಾಯಕರೆಲ್ಲ ಕಂಪ್ಯೂಟರಿನ ವಾದ್ಯವನ್ನು ಕಿವಿಗೆ ಹಾಕಿಕೊಂಡು ಅದರಂತೆ ಹಾಡಿದವರು. ಚಂದವ್ವ ಮಾತ್ರ ಒಲ್ಲೆ ಎಂದರು. “ಕಿವ್ಯಾಗ ಹುಳ ಹೊಕ್ಕಂಗ ಆಕೈತಿ,” ಎಂದು ಹೆಡ್‌ಫೋನ್ ಕಿತ್ತಿಟ್ಟು, ಹಾರ್ಮೋನಿಯಂ ಕೇಳಿ ಹಾಡಿದರು. ಯಂತ್ರ ಆಮೇಲೆ ಬಂದು ಸೇರಿಕೊಂಡಿತು, ಸೇರಿಕೊಂಡು ಮೊದಲೇ ಇದ್ದವರನ್ನು ತಪ್ಪೆಂದಿತು.

ರಾಜಶ್ರೀ ಸಾಫ್ಟ್‌ವೇರಿನ ಒಳಪುಟಗಳಿಗೆ ಇಳಿಯುತ್ತಾರೆ. ಅಲ್ಲೊಂದು ಮೂಲೆಯಲ್ಲಿ ವಾದ್ಯಮೇಳದ ಮೂಲ ಸುರದ ಅಂಕಿಯಿದೆ: 440. ಇದನ್ನು ಮುಟ್ಟಬೇಡಿ ಎಂದು ಎಂಜಿನಿಯರರು ಹೇಳಿದ್ದರಂತೆ. ಮುಟ್ಟುತ್ತಾರೆ. 443. ಗುಂಯ್‌ಗುಟ್ಟು ನಿಧಾನವಾಗುತ್ತದೆ. 446. ಇನ್ನೂ ನಿಧಾನ. ಕಣ್ಣು ಮುಚ್ಚಿ ಒಂದೊಂದೇ ಅಂಕಿ ಏರಿಸುತ್ತಾರೆ. 449ಕ್ಕೆ ಗುಂಯ್‌ಗುಟ್ಟು ನಿಂತುಹೋಗುತ್ತದೆ. ನಲವತ್ತು ಪಿಟೀಲು ಚಂದವ್ವನ ದನಿಯ ಕೆಳಗೆ ಚಾಪೆ ಹಾಸಿದಂತೆ ಹಾಸಿಕೊಳ್ಳುತ್ತವೆ. ಹೊಸ್ತಿಲಲ್ಲಿ ಕೂತ ಚಂದವ್ವ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ನನ್ನ ಕಣ್ಣುಗಳೂ ತೇವವಾಗುತ್ತವೆ, ಯಾಕೆ ಮುಚ್ಚಿಡಲಿ.

ಏಳೂಕಾಲಿಗೆ ಬಸಂತರಾಯ ಅವರ ಮೋಟಾರ್ ಸೈಕಲ್ ಅಂಗಳಕ್ಕೆ ಬರುತ್ತದೆ. ಕೆಟ್ಟ ಮನುಷ್ಯರಲ್ಲ. ಕೇಳುತ್ತಾರೆ, ತಲೆದೂಗುತ್ತಾರೆ, ಆದರೂ ಧೈರ್ಯ ಸಾಲದೆ ಎಂಜಿನಿಯರರಿಗೆ ಮೊಬೈಲು ಹಚ್ಚುತ್ತಾರೆ. ಆ ಕಡೆಯ ದನಿ ಕೋಣೆಗೆಲ್ಲ ಕೇಳುತ್ತದೆ: “ನಾನೂರ ನಲವತ್ತೊಂಬತ್ತಾ? ಹಾಗೆಲ್ಲ ಇಡೋಕಾಗಲ್ಲ. ಇಡೀ ಜಗತ್ತಿಗೆ ನಾನೂರ ನಲವತ್ತೇ ಸ್ಟ್ಯಾಂಡರ್ಡು.”

ರಾಜಶ್ರೀ ಕೈ ಚಾಚಿ ಮೊಬೈಲು ಇಸಿದುಕೊಳ್ಳುತ್ತಾರೆ. “ಜಗತ್ತಿಗಿ ಇರವಲ್ದ್ಯಾಕ್ರಿ ಸರ. ನಮ್ಮ ನಾಕು ತಾಲೂಕಿಗಿ ನಾನೂರಾ ನಲವತ್ತೊಂಬತ್ತು.”

“ಮೇಡಂ, ತಾವು ಯಾರು?”

“ಪೆಟಗಿ ರಿಪೇರಿ ಮಾಡಾಕಿ. ಕೇಳ್ರಿ ಇಲ್ಲೆ.” ಮೊಬೈಲನ್ನು ಸ್ಪೀಕರಿನ ಮುಂದೆ ಹಿಡಿದು ಮೊದಲು 440ರಲ್ಲಿ, ಆಮೇಲೆ 449ರಲ್ಲಿ ಅದೇ ಪದ ಹಾಕುತ್ತಾರೆ. ಇನ್ನೊಮ್ಮೆ ಹಾಕಿ ಎಂದು ಆ ಕಡೆಯವರು ಕೇಳುತ್ತಾರೆ.

“ಕೂತಿದೆ,” ಕೊನೆಗೆ ಎಂಜಿನಿಯರರು ಒಪ್ಪುತ್ತಾರೆ. “ಸರಿ, ಕಳಿಸಿ. ಇಲ್ಲಿ ನಾನು ಎಲ್ಲಾನೂ ಒಟ್ಟಿಗೆ ಇಳಿಸಿ ನಾನೂರ ನಲವತ್ತಕ್ಕೆ ತರ್ತೀನಿ. ಒಂದು ಬಟನ್ ಅಷ್ಟೆ.”

“ಬಟನ್ ನನಗೂ ಗೊತ್ತೈತ್ರಿ. ಒತ್ತಲಿಲ್ಲ,” ರಾಜಶ್ರೀ ದನಿ ಏರುತ್ತದೆ. “ಪಿಟೀಲು ಇಳಸ್ರಿ, ಏರಸ್ರಿ, ಅದು ಯಾರದೋ. ದನಿ ಈ ಆಯೀದು. ದನಿ ಇಳಸಿದ್ರ ಅಕಿ ಅಕಿಯಾಗಿ ಉಳಿಯಾಂಗಿಲ್ಲ. ಯಂತ್ರ ಮನಷ್ಯಾನ ಕಡೆ ಬರಬೇಕ್ರಿ ಸರ. ಮನಷ್ಯಾ ಯಾಕ್ ಹೋಗಬೇಕು?”

ಬಸಂತರಾಯ ಮೊಬೈಲು ವಾಪಸು ತೆಗೆದುಕೊಳ್ಳುತ್ತಾರೆ. ಎಲ್ಲರೂ ಅವರ ಮುಖ ನೋಡುತ್ತಿದ್ದಾರೆ. ಗಡಿಯಾರ ಏಳೂ ನಲವತ್ತು ತೋರಿಸುತ್ತದೆ. “ಇಳಸಬ್ಯಾಡ್ರಿ. ಹಿಂಗ ಇರ್ಲಿ,” ಎನ್ನುತ್ತಾರೆ. “ಮತ್ತ ನಾಳಿನ ಹಾಡುವಾಕಿಗಿ ಬರಬ್ಯಾಡಂತ ನಾನ ಹೇಳ್ತೇನಿ.” ಮೊಬೈಲು ಕಿಸೆಗೆ ಹಾಕಿ ಚಂದವ್ವನ ಎದುರು ಕುಕ್ಕರುಗಾಲಲ್ಲಿ ಕೂರುತ್ತಾರೆ. “ತಪ್ಪಾತು ಆಯಿ. ನಿನಗ ಬ್ಯಾಸುರ ಅಂದೆ.”

“ನೀ ಅಂದಿಲ್ಲ ಬಿಡಪಾ,” ಚಂದವ್ವ ಹೇಳುತ್ತಾರೆ. “ಆ ಡಬ್ಬಿ ಅಂತು. ನೀ ನಂಬಿದಿ.”

ಎಂಟಕ್ಕೆ ಸರಿಯಾಗಿ ಕರೆಂಟು ಹೋಗುತ್ತದೆ. ಅಷ್ಟರಲ್ಲಿ ಒಂಬತ್ತೂ ಪದಗಳಿಗೆ ಹೊಸ ಅಂಕಿ ಬಿದ್ದು, ಉಳಿಸಿಟ್ಟು ಆಗಿದೆ. ರಾಜಶ್ರೀ ಆರಿದ ಚಹವನ್ನು ಒಂದೇ ಗುಟುಕಿಗೆ ಕುಡಿದು ಬಸ್ಸಿಗೆ ಹೊರಡುತ್ತಾರೆ. ಮುದ್ದೇಬಿಹಾಳದಲ್ಲಿ ಇನ್ನೊಂದು ಕಂಪ್ಯೂಟರ್ ಕಾದಿದೆ. ಊರ ಮುಂದಿನ ರಸ್ತೆಯವರೆಗೆ ನಾನೂ ಜೊತೆಯಾಗುತ್ತೇನೆ. ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳಿದರೆ ಅವರು ನಡೆಯುತ್ತಲೇ ಯೋಚಿಸುತ್ತಾರೆ.

“ನನ್ನ ಬಗ್ಗೆ ಏನಾರ ಬರಕೋರಿ, ಬಿಟ್ರೂ ನಡೀತೈತಿ. ಒಂದ ಮಾತು ಮಾತ್ರ ತಪ್ಪದ ಹಾಕ್ರಿ. ಹೂವಿನ ಹಿಪ್ಪರಗಿ ಮಂದಿ ಓದೂವಂಗ, ದೊಡ್ಡ ಅಕ್ಷರದಾಗ. ಚಂದವ್ವ ಸುರ ತಪ್ಪಿರಲಿಲ್ಲ.”

ಹಾಕಿದ್ದೇನೆ.