ಶಾಸಕಿಯಾಗಿದ್ದ ಅಕ್ಕ ಪುರಸಭೆಗೆ ನಿಂತದ್ದು

ಊರಿನ ಕೋರ್ಟಿನಲ್ಲಿ ಹತ್ತು ವರ್ಷ ವಕೀಲಿಕೆ ಮಾಡಿದ ನನ್ನ ಅಕ್ಕ ಎಂಬತ್ತರ ದಶಕದ ಕೊನೆಗೆ ಶಾಸಕಿಯಾದಳು. ನಾನಾಗ ಗಂಡನೊಂದಿಗೆ ಮಸ್ಕತ್ತಿನ ವಾದಿ ಕಬೀರ್‌ನಲ್ಲಿದ್ದೆ. ಗೆದ್ದ ಸುದ್ದಿ ಫೋನಿನಲ್ಲಿ ಬಂದ ದಿನ ನಮ್ಮ ಫ್ಲ್ಯಾಟಿನ ಕೆಳಗಿದ್ದ ಗ್ಯಾರೇಜಿನವರಿಗೆಲ್ಲ ಪಾಯಸ ಹಂಚಿದೆ.

ಮರುವರ್ಷ ಅವಳು ನಮ್ಮಲ್ಲಿಗೆ ಬಂದಾಗ ಮಸ್ಕತ್ತಿನಲ್ಲಿದ್ದ ನಮ್ಮ ಊರವರು ಸನ್ಮಾನಕ್ಕೆ ಹಾಲ್ ಗೊತ್ತು ಮಾಡಿದ್ದರು. ನಾವು ಹೊರಡುವ ಹೊತ್ತಿಗೆ ಗ್ಯಾರೇಜಿನ ಪೇಂಟರ್ ಬಾಗಿಲಿಗೆ ಬಂದ. ಅಕ್ಕನ ಕ್ಷೇತ್ರದವನೇ.

"ಅಮ್ಮನಿಗೆ ತುಂಬಾ ಅಸೌಖ್ಯ ಮೇಡಂ. ನನ್ನ ಕಫೀಲ್, ಗ್ಯಾರೇಜಿನ ಧಣಿ, ಪಾಸ್‌ಪೋರ್ಟೇ ಕೊಡುವುದಿಲ್ಲ. ನೀವು ಒಂದು ಮಾತು ಹೇಳಿದ್ರೆ..."

"ಇಲ್ಲಿ ನನ್ನ ಮಾತು ಯಾರು ಕೇಳ್ತಾರೆ ಮಾರಾಯ? ನಿನ್ನ ಎಗ್ರಿಮೆಂಟ್ ಉಂಟಾ? ತಾ."

ಅವನು ಓಡಿಹೋಗಿ ತಂದ. ಅಕ್ಕ ರೇಷ್ಮೆ ಸೀರೆಯಲ್ಲೇ ಊಟದ ಮೇಜಿಗೆ ಕುಳಿತು ಓದಿದಳು. ಎರಡು ವರ್ಷಕ್ಕೊಮ್ಮೆ ರಜೆ ಎಂದು ಅದರಲ್ಲೇ ಬರೆದಿತ್ತು. ಅವನು ಬಂದು ಮೂರು ವರ್ಷವಾಗುತ್ತ ಬಂದಿತ್ತು. ಆ ಸಾಲಿಗೆ ಗೆರೆ ಎಳೆದು ಅರ್ಜಿ ಬರೆದುಕೊಟ್ಟಳು. ನನ್ನ ಗಂಡನ ಆಫೀಸಿನ ಒಮಾನಿ ಗುಮಾಸ್ತರು ಅದನ್ನು ಅರಬ್ಬಿಯಲ್ಲಿ ಬರೆದು, ಅವನ ಜೊತೆ ಕಾರ್ಮಿಕ ಕಚೇರಿಗೂ ಹೋದರು. ವಾರದೊಳಗೆ ಪಾಸ್‌ಪೋರ್ಟ್ ಕೈಗೆ ಬಂತು. ಅವನು ಊರಿಗೆ ಹೋಗಿ ತಾಯಿಯ ಮುಖ ನೋಡಿದ.

ಸನ್ಮಾನಕ್ಕೆ ನಾವು ಒಂದೂವರೆ ಗಂಟೆ ತಡವಾಗಿ ಹೋದೆವು. ಸಂಘಟಕರು ಮುಖ ಊದಿಸಿಕೊಂಡಿದ್ದರು. ನಾನು ಮಾತ್ರ ಮುಂದಿನ ಸಾಲಿನಲ್ಲಿ ತಲೆಯೆತ್ತಿ ಕೂತೆ.

ಮುಂದಿನ ಚುನಾವಣೆಯಲ್ಲಿ ಅಕ್ಕ ಸೋತಳು. ಆಮೇಲೊಂದು ದಿನ ಫೋನಿನಲ್ಲಿ, ಪುರಸಭೆಗೆ ನಿಲ್ಲುತ್ತೇನೆ ಎಂದಳು. ನನಗೆ ಸಿಟ್ಟೇ ಬಂತು.

"ಶಾಸಕಿಯಾಗಿದ್ದವಳು ವಾರ್ಡಿಗೆ ಇಳಿಯುವುದಾ? ಇಲ್ಲಿ ನಾನು ಜನರಿಗೆ ಎಂಥ ಹೇಳ್ಲಿ?"

"ಮೀನು ಮಾರ್ಕೆಟ್ಟಿನ ಚರಂಡಿಗೆ ಐದು ವರ್ಷ ಕಾಗದ ಬರೆದೆ, ಆಗ್ಲಿಲ್ಲ. ಅದನ್ನು ಮಾಡುವುದು ಪುರಸಭೆ. ಹಾಗಾದ್ರೆ ಅಲ್ಲಿಗೇ ಹೋಗ್ಬೇಕಲ್ಲ?"

ಗೆದ್ದಳು. ಅಧ್ಯಕ್ಷೆಯೂ ಆದಳು. ನಾನು ರಜೆಗೆ ಹೋದಾಗ ಮನೆಯಲ್ಲಿ ಚಹಾ ಕುಡಿಯಲೂ ಬಿಡದೆ ಮಾರ್ಕೆಟ್ಟಿಗೆ ಕರೆದೊಯ್ದಳು. ಮೊದಲೆಲ್ಲ ಅಲ್ಲಿ ಸೀರೆ ಎತ್ತಿ ಹಿಡಿದು, ಮೂಗು ಮುಚ್ಚಿ ನಡೆಯಬೇಕಿತ್ತು. ಈಗ ಕೊಳೆನೀರು ಚಪ್ಪಡಿಯ ಕೆಳಗೆ ಹರಿದುಹೋಗುತ್ತಿತ್ತು.

ಬಂಗುಡೆ ಮಾರುತ್ತಿದ್ದ ಹೆಂಗಸೊಬ್ಬರು ನನ್ನ ಮುಖವನ್ನೇ ನೋಡಿ, "ನೀವು ಅಧ್ಯಕ್ಷರ ತಂಗಿಯಾ?" ಎಂದರು.

"ಹೌದು" ಎಂದೆ, ಬೇಕಾದ್ದಕ್ಕಿಂತ ಜೋರಾಗಿಯೇ.