ಕಾವಲಿನಲ್ಲಿ ಅಳೆದ ಸಮುದ್ರ

ಸಮುದ್ರವನ್ನೇ ನೋಡಿರದ ಗೀತಮ್ಮ ಮೀನುಗಾರಿಕೆ ಬೋಟುಗಳಿಗೆ ವೈರು ಬೆಸೆಯುತ್ತಿದ್ದಳು. ಊರು ದೊಡ್ಡಉಳ್ಳಾರ್ತಿ, ಕೆಲಸ ಚಳ್ಳಕೆರೆಯ ಓಂಕಾರಮೂರ್ತಿಯ ಶೆಡ್ಡಿನಲ್ಲಿ. ಬೋಟಿನ ತಳದಲ್ಲಿ ನೀರಿನ ಆಳ ಅಳೆಯುವ ಒಂದು ಬಿಲ್ಲೆ ಇರುತ್ತದೆ. ಅಲ್ಲಿಂದ ಚಾಲಕನ ಮುಂದಿನ ಪರದೆಯವರೆಗೆ ವೈರು ಹೋಗಬೇಕು. ಅದರ ತುದಿ ಸುಲಿದು, ಬೆಸೆದು, ಉಪ್ಪುನೀರು ಇಳಿಯದಂತೆ ಮುಚ್ಚುವುದು ಹೆಂಗಸರ ಕೆಲಸ. ತಮ್ಮ ಮಾರುತೇಶ ಕರಾವಳಿಯಲ್ಲಿ ಅಂಥದೇ ಬೋಟು ಓಡಿಸುತ್ತಿದ್ದ. ಕುರಿ ಮೇಯುವ ಕಾವಲಿಗೆ ಬೇಲಿ ಬಿದ್ದು, ಕುರಿ ಕಾಯುವವರ ಮಕ್ಕಳು ಹೊಟ್ಟೆಪಾಡಿಗೆ ಸಮುದ್ರ ಸೇರಿದರೆ ಅದನ್ನು ಅಭಿವೃದ್ಧಿ ಎಂದು ಕರೆಯುವ ಜನ ನಾವು.

ಹೋದ ವರ್ಷ ಓಂಕಾರಮೂರ್ತಿಗೆ ವೈರಿನ ಸಹವಾಸ ಸಾಕಾಯಿತು. "ಇನ್ಮ್ಯಾಲೆ ವೈರ್‌ಲೆಸ್! ಎಳೆಯೋ ರಗಳೇನೇ ಇಲ್ಲ" ಎಂದು ಬಿಲ್ಲೆಯ ಅಂಕಿಯನ್ನು ವೈರಿಲ್ಲದೆ ಪರದೆಗೆ ಕಳಿಸುವ ಅಗ್ಗದ ಪೆಟ್ಟಿಗೆಗಳನ್ನು ತರಿಸಿದ. ಹೆಂಗಸರನ್ನೆಲ್ಲ ಮನೆಗೆ ಕಳಿಸಿ ಗೀತಮ್ಮನೊಬ್ಬಳನ್ನು ಉಳಿಸಿಕೊಂಡ. ಪೆಟ್ಟಿಗೆಯ ಪರೀಕ್ಷೆ ನಡೆದದ್ದು ಬೋಟಿನಲ್ಲಲ್ಲ, ಉಳ್ಳಾರ್ತಿ ಕಾವಲಿನ ಬಯಲಲ್ಲಿ. ಅಂಚಿನ ಕೃಷಿ ಹೊಂಡಕ್ಕೆ ಬಿಲ್ಲೆಯನ್ನು ಹಗ್ಗದಲ್ಲಿ ಇಳಿಬಿಟ್ಟು ಮೇಲೆ ಕೆಳಗೆ ಆಡಿಸಿದರು. ಗೀತಮ್ಮ ಪರದೆ ಹಿಡಿದು ದೂರ ಹುಲ್ಲಿನ ನಡುವೆ ನಿಂತಳು. ಅಂಕಿ ಸರಿಯಾಗಿ ಬಂದರೆ, ಕುರಿ ಕಾಯುವವರು ಮಾಡುವಂತೆ, ಸೆರಗು ಬೀಸಬೇಕು.

ಅಷ್ಟರಲ್ಲಿ ಕಲ್ಲು ತುಂಬಿದ ಲಾರಿಯೊಂದು ನಡುವೆ ಬಂದು ನಿಂತಿತು. ಗೀತಮ್ಮ ಹೊಂಡದ ಬಳಿಯಿದ್ದ ಓಂಕಾರಮೂರ್ತಿಗೆ ಫೋನು ಮಾಡಿದಳು.

"ಸಾವ್ಕಾರ್ರೇ, ಅಂಕಿ ಅಲ್ಲಾಡ್ತಿಲ್ಲ. ಇದ್ದಂಗೇ ನಿಂತೈತೆ."

"ಲಾರಿ ಹೋಗ್ಲಿ ತಾಳಮ್ಮ. ಸಮುದ್ರದಾಗೆ ಲಾರಿ ಅಡ್ಡ ಬರ್ತೈತಾ?"

ಹೊಂಡದ ಬಳಿ ಇದ್ದವರು ನಕ್ಕರು. ಅವಳೂ ನಕ್ಕಳು. ಲಾರಿ ಹೋಯಿತು, ಅಂಕಿ ಓಡಿತು, ಅವಳು ಸೆರಗು ಬೀಸಿದಳು. ಪೆಟ್ಟಿಗೆಗಳು ಕರಾವಳಿಗೆ ಹೋದವು, ಮಾರುತೇಶನ ಬೋಟಿಗೂ ಒಂದು ಕೂತಿತು.

ಮೀನು ತುಂಬಿಕೊಂಡು ಮರಳುತ್ತಿದ್ದ ಮಾರುತೇಶನ ಬೋಟು ನದಿ ಸಮುದ್ರ ಸೇರುವ ಅಳಿವೆ ಬಾಯಿಯ ಮರಳುದಿಬ್ಬಕ್ಕೆ ಬಡಿದು ಮಗುಚಿತು. ಜೊತೆಗಿದ್ದ, ಅವನದೇ ಓಣಿಯ ಚಿಕ್ಕೀರಪ್ಪ ಹೆಣವಾಗಿ ಊರಿಗೆ ಬಂದ. ಮಾರುತೇಶ ನಿದ್ದೆಗಣ್ಣಲ್ಲಿ ಓಡಿಸಿದನೆಂದು ಬೋಟಿನ ಮಾಲೀಕ ಹೇಳಿದ, ಊರು ನಂಬಿತು. ಕೊಲೆಗಾರನೆಂಬ ಹೆಸರು ಹೊತ್ತು ಅವನು ಮನೆಯೊಳಗೆ ಸೇರಿಕೊಂಡ.

"ನಾನು ಕಣ್ಣು ಮುಚ್ಚಿಲ್ಲ ಕಣಕ್ಕ. ಪರದೆ ಮ್ಯಾಲೆ ಎಂಟು ಮಾರು ನೀರು ಅಂತಿತ್ತು. ಮರಳಿಗೆ ಬಡಿದ ಮ್ಯಾಲೂ ಎಂಟೇ!"

ಗೀತಮ್ಮನಿಗೆ ಕಾವಲಿನಲ್ಲಿ ಲಾರಿ ಅಡ್ಡ ಬಂದಾಗ ನಿಂತುಹೋದ ಅಂಕಿ ನೆನಪಾಯಿತು. ಬಿಲ್ಲೆಗೂ ಪರದೆಗೂ ನಡುವೆ ಕಬ್ಬಿಣದ ಇಂಜಿನ್ನು, ಐಸು, ರಾಶಿ ಮೀನು. ಬೋಟಿನ ಹೊಟ್ಟೆಯೊಳಗೇ ಲಾರಿ ನಿಂತಿತ್ತು.

ಶೆಡ್ಡಿಗೆ ಹೋಗಿ ಕೇಳಿದಾಗ ಓಂಕಾರಮೂರ್ತಿ ಮೆತ್ತಗೆ ಹೇಳಿದ, "ಬಾಯಿ ಮುಚ್ಕೊಂಡಿದ್ರೆ ನಿನ್ನ ಕೆಲಸ ಉಳೀತೈತೆ."

ಅವಳು ನೇರ ಚಿಕ್ಕೀರಪ್ಪನ ತಾಯಿ ಕರಿಯಕ್ಕನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು.

"ಅಂಕಿ ನಿಂತಿದ್ದು ನೋಡಿದ್ಯಾ?" ಕರಿಯಕ್ಕ ಕೇಳಿದಳು.

"ನೋಡಿದ್ದೆ."

"ನೋಡೀನೂ ಸೆರಗು ಬೀಸಿದ್ಯಾ?"

"ಬೀಸಿದೆ ಕಣಕ್ಕ."

"ಹಂಗಾದ್ರೆ ನಾಕು ಜನದ ಮುಂದೆ ಹೇಳು. ನಿನ್ನ ತಮ್ಮನ್ನ ಬಿಡ್ತೀನಿ. ನಿನ್ನ ಮಾತ್ರ ಬಿಡಾಕಿಲ್ಲ."

ಹೇಳಿದಳು. ಊರ ಕಟ್ಟೆಯ ಮುಂದೆ ನಿಂತು, ಒಂದು ಮಾತೂ ಬಿಡದೆ ಹೇಳಿದಳು. ಓಂಕಾರಮೂರ್ತಿಗೆ ಅಷ್ಟೇ ಬೇಕಿತ್ತು. "ಪರೀಕ್ಷೆ ಮಾಡಿದವಳೇ ತಪ್ಪು ಒಪ್ಕಂಡವಳೆ. ನಾನೇನ್ ಮಾಡ್ಲಿ?" ಎಂದ. ಪೆಟ್ಟಿಗೆ ತರಿಸಿದವನು, ನಕ್ಕವನು, ಮಾರಿದವನು ಯಾರೆಂದು ಕಟ್ಟೆಯ ಮೇಲಿನ ದೊಡ್ಡವರಲ್ಲಿ ಒಬ್ಬನೂ ಕೇಳಲಿಲ್ಲ. ಸತ್ಯ ಹೇಳಿದವರ ಹೆಗಲು ಹುಡುಕಿ ಭಾರ ಹೇರುವುದರಲ್ಲಿ ನಮ್ಮ ನ್ಯಾಯಕ್ಕೆ ಎಂಥ ಚುರುಕು!

ಶೆಡ್ಡಿನಲ್ಲಿ ಈಗ ಮತ್ತೆ ವೈರಿನ ಕೆಲಸ. ಬೋಟಿನವರು ಬರೀ ವೈರೇ ಕೇಳುತ್ತಾರೆ, ಓಂಕಾರಮೂರ್ತಿ ವೈರಿನ ಗುಣಗಾನ ಮಾಡುತ್ತಾನೆ. ಹಳೆಯ ಹೆಂಗಸರೆಲ್ಲ ಕೆಲಸಕ್ಕೆ ಮರಳಿದ್ದಾರೆ, ಗೀತಮ್ಮನೊಬ್ಬಳನ್ನು ಬಿಟ್ಟು.

ಮಾರುತೇಶನ ಮೇಲಿನ ಮಾತು ಅಕ್ಕನ ಮೇಲೆ ತಿರುಗಿತು. ಅವನು ಬೇರೊಂದು ಬೋಟಿಗೆ ಹೊರಟ ದಿನ ಅಕ್ಕ ರೊಟ್ಟಿ ಕಟ್ಟಿಕೊಟ್ಟಳು. ಬಸ್ಸಿನ ತನಕ ಬಾ ಎಂದ. ಅವಳು ಹೋಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಜನ ಇರುತ್ತಾರೆ.